ತಡವಾಗಿ ಅತ್ತ ಮಗು, ಮೂರು ವರ್ಷದ ಗಡುವು

ನಾನು ಲೆಕ್ಕಪರಿಶೋಧಕ, ವೈದ್ಯನಲ್ಲ. ಆದರೂ ಈ ವಿಷಯ ಬೆಲ್‌ರೋಸ್‌ನ ನನ್ನ ಮೇಜಿಗೇ ಬಂತು. ಟ್ಯಾಕ್ಸ್ ಕಾಗದ ತಂದಿದ್ದ ದಂಪತಿಯ ಹದಿನಾಲ್ಕು ತಿಂಗಳ ಮಗು ಆಸರೆಯಿಲ್ಲದೆ ಕೂರುತ್ತಿರಲಿಲ್ಲ. ಹುಟ್ಟಿದಾಗ ತಡವಾಗಿ ಅತ್ತಿತಂತೆ. "ನೀನೂ ತಡವಾಗೇ ಕೂತಿದ್ದು ಅಂತಾರೆ ಊರಲ್ಲಿ ಅಮ್ಮ. ಇನ್ನಾರು ತಿಂಗಳು ನೋಡೋಣ ಅಂತ, ಸರ್" ಎಂದರು ತಂದೆ.

ಹೆರಿಗೆಯ ಹೊತ್ತಿನಲ್ಲಿ ಮಿದುಳಿಗೆ ರಕ್ತ, ಆಮ್ಲಜನಕ ಸಾಲದೆ ಹೋದರೆ ಹಾನಿ ಆ ಕ್ಷಣಕ್ಕೇ ಮುಗಿಯುವುದಿಲ್ಲ. ಗಂಟೆಗಟ್ಟಲೆ, ದಿನಗಟ್ಟಲೆ ಹಬ್ಬುತ್ತದೆ. ಅದಕ್ಕೇ ತೊಂದರೆ ತೀವ್ರವಾಗಿದ್ದರೆ ಇಲ್ಲಿ ಆರು ಗಂಟೆಯೊಳಗೆ ಮಗುವಿನ ಮೈಯನ್ನು ಸುಮಾರು 33.5 ಡಿಗ್ರಿ ಸೆಲ್ಸಿಯಸ್‌ಗೆ ತಂಪುಮಾಡಿ 72 ಗಂಟೆ ಇಡುತ್ತಾರೆ. ಅಷ್ಟಾದರೂ ಕೆಲವು ಮಕ್ಕಳಿಗೆ ಕತ್ತು ನಿಲ್ಲುವುದು, ಕೂರುವುದು, ಮಾತು ತಡವಾಗಬಹುದು. ತಡವಾಗಿ ಅತ್ತ ಮಕ್ಕಳೆಲ್ಲ ಹೀಗಾಗುತ್ತಾರೆಂದಲ್ಲ, ದಯವಿಟ್ಟು ಗಾಬರಿಯಾಗಬೇಡಿ.

ಆದರೆ ಕಾಯಬೇಡಿ. ಎಳೆಯ ಮಿದುಳಿಗೆ ಹೊಸ ದಾರಿ ಹುಡುಕಿಕೊಳ್ಳುವ ಶಕ್ತಿ ಹೆಚ್ಚು. ಆ ವಯಸ್ಸಿಗೆಂದೇ ನ್ಯೂಯಾರ್ಕ್ ರಾಜ್ಯದ ಅರ್ಲಿ ಇಂಟರ್ವೆನ್ಷನ್ ಯೋಜನೆಯಿದೆ. ಕ್ವೀನ್ಸ್‌ನವರು 311ಕ್ಕೆ ಫೋನ್ ಮಾಡಿದರಾಯಿತು, ವೈದ್ಯರ ಚೀಟಿ ಬೇಕಿಲ್ಲ. ಮಗುವನ್ನು ಪರೀಕ್ಷಿಸಿ, ಅರ್ಹವೆಂದು ಕಂಡರೆ, 45 ದಿನದೊಳಗೆ ಯಾವ ಥೆರಪಿ, ವಾರಕ್ಕೆಷ್ಟು ಸಲ ಎಂದು ಬರೆದುಕೊಡಬೇಕೆಂಬುದು ನಿಯಮ. ತಂದೆತಾಯಿಯ ಜೇಬಿನಿಂದ ಒಂದು ಡಾಲರೂ ಹೋಗುವುದಿಲ್ಲ. (ನನ್ನಂಥವನು ಎರಡು ಸಲ ಓದಿ ನಂಬಿದ ಸಾಲು ಇದು.) ಎಚ್-1ಬಿಯಲ್ಲಿದ್ದೇವೆಂದು ಹಿಂಜರಿಯಬೇಡಿ, ವೀಸಾ ಅಡ್ಡಿಯಲ್ಲ.

ಟ್ಯಾಕ್ಸ್‌ಗಾದರೆ ಎಕ್ಸ್‌ಟೆನ್ಷನ್ ಕೇಳಬಹುದು. ಈ ಸೇವೆ ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಶಾಲಾ ಇಲಾಖೆ, ಬೇರೆ ಅರ್ಜಿ.

ಆ ದಂಪತಿ ನನ್ನ ಕಚೇರಿಯಿಂದಲೇ ಫೋನ್ ಮಾಡಿದರು. ರಿಟರ್ನ್ ಮರುದಿನ ಸಲ್ಲಿಸಿದೆವು.