ಮಾವನ ಸುಸ್ತಿಗೆ ಕಾರಣವೇನು?

ಬಿಸಿಲಿನಿಂದ ಡಿ ಜೀವಸತ್ವ ಸಿಗುತ್ತದೆ ಎಂದು ನಾವು ಪಾಠದಲ್ಲಿ ಓದಿದ್ದೇವೆ. ಅದರ ಬಗ್ಗೆ ನಮ್ಮ ಮನೆಯಲ್ಲೇ ನಡೆದದ್ದನ್ನು ಬರೆಯುತ್ತೇನೆ.

ಗುಬ್ಬಿಯಲ್ಲಿರುವ ನನ್ನ ಸೋದರಮಾವನಿಗೆ 28 ವರ್ಷ. ದಿನಾ ಬಸ್ಸಿನಲ್ಲಿ ತುಮಕೂರಿಗೆ ಹೋಗಿ ಟೈಲರ್ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಾರೆ. ಭಾನುವಾರ ಕುಣಿಗಲ್ ಹತ್ತಿರದ ನಮ್ಮೂರಿಗೆ ಬಂದರೆ ಹಗಲೆಲ್ಲ ಜಗಲಿ ಮೇಲೆ ಮಲಗುತ್ತಿದ್ದರು. "ಈ ವಯಸ್ಸಿಗೇ ಏನಪ್ಪಾ ಸುಸ್ತು?" ಎಂದು ಅಕ್ಕಪಕ್ಕದವರು ನಗುತ್ತಿದ್ದರು. ನಾನೂ ಒಂದು ಸಲ "ಸೋಂಬೇರಿ ಮಾವ" ಅಂದುಬಿಟ್ಟೆ. ಮಾವ ಏನೂ ಅನ್ನಲಿಲ್ಲ.

ಆಮೇಲೆ ತುಮಕೂರಿನ ಡಾಕ್ಟರು ಪರೀಕ್ಷೆ ಮಾಡಿಸಿ, ಇದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಬೆನ್ನುಮೂಳೆಯ ಸಂಧಿವಾತ ಎಂದರು. ರೋಗಾಣುಗಳ ಜೊತೆ ಹೋರಾಡಬೇಕಾದ ದೇಹದ ಕಾವಲು ಪಡೆ ದಾರಿ ತಪ್ಪಿ ಬೆನ್ನಿನ ಕೀಲುಗಳ ಮೇಲೇ ಬೀಳುತ್ತದೆ. ಅಲ್ಲಿ ಉರಿಯೂತ ಆಗುತ್ತದೆ. ಸಾಮಾನ್ಯ ಬೆನ್ನುನೋವು ಮಲಗಿದರೆ ಕಡಿಮೆ. ಈ ನೋವು ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ! ಬೆಳಗಿನ ಜಾವ ನೋವಿಗೆ ಎಚ್ಚರವಾಗುತ್ತದೆ. ಜ್ವರ ಬಂದಾಗ ಕೈಕಾಲು ಸೋಲುತ್ತವಲ್ಲ, ಹಾಗೆ ಉರಿಯೂತದಿಂದಲೂ ಸುಸ್ತಾಗುತ್ತದೆ.

ಮಾವನ ರಕ್ತದಲ್ಲಿ ಡಿ ಜೀವಸತ್ವವೂ ತುಂಬಾ ಕಡಿಮೆ ಇತ್ತು. ಅದು ಕಡಿಮೆಯಾದರೂ ಸುಸ್ತು, ಮೂಳೆನೋವು ಬರುತ್ತವೆ. ನಮ್ಮ ಕಡೆ ಇಷ್ಟು ಬಿಸಿಲಿದ್ದರೂ ಯಾಕೆ ಹೀಗೆ? ಮಾವ ಬೆಳಿಗ್ಗೆ ಅಂಗಡಿ ಒಳಗೆ ಹೋದರೆ ಹೊರಗೆ ಬರುವುದು ಕತ್ತಲಾದ ಮೇಲೆ. ಗಾಜಿನ ಬಾಗಿಲಿನಿಂದ ಬಿಸಿಲು ಬಿದ್ದರೂ ಪ್ರಯೋಜನವಿಲ್ಲ. ಡಿ ತಯಾರಾಗಲು ಬೇಕಾದ ಕಿರಣಗಳನ್ನು ಗಾಜು ತಡೆಯುತ್ತದೆ. ನಮ್ಮ ನೆರಳು ನಮಗಿಂತ ಗಿಡ್ಡ ಇರುವ ಹೊತ್ತಿನ ಬಿಸಿಲು ಚರ್ಮಕ್ಕೆ ಸ್ವಲ್ಪ ಹೊತ್ತು ನೇರವಾಗಿ ಬೀಳಬೇಕು. ರಾಗಿಮುದ್ದೆಯಲ್ಲಿ ಕ್ಯಾಲ್ಸಿಯಂ ಹೇರಳವಾಗಿದೆ. ಆದರೆ ಅದು ಮೈಗೆ ಹತ್ತಲು ಡಿ ಬೇಕೇ ಬೇಕು.

ಡಾಕ್ಟರು ವಾರಕ್ಕೆ ಒಂದರಂತೆ ಡಿ ಮಾತ್ರೆ ಕೊಟ್ಟರು. ಬೇಗ ವಾಸಿಯಾಗಲಿ ಎಂದು ಅಜ್ಜಿ ದಿನಾ ಒಂದು ಕೊಡಲು ಹೊರಟರು. ಡಾಕ್ಟರು ಬೇಡವೇ ಬೇಡ ಎಂದರು. ಡಿ ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ತೊಂದರೆ. ಮಾತ್ರೆಯಿಂದ ಡಿ ಕೊರತೆ ಮಾತ್ರ ನೀಗುತ್ತದೆ. ಉರಿಯೂತಕ್ಕೆ ಬೇರೆ ಔಷಧಿ ಮತ್ತು ದಿನಾ ವ್ಯಾಯಾಮ ಬೇಕು.

ಈಗ ಮಾವ ಬಂದರೆ ನಾವಿಬ್ಬರೂ ಕೆರೆ ಏರಿ ಮೇಲೆ ನಡೆಯುತ್ತೇವೆ. ಸುಸ್ತು ಪೂರ್ತಿ ಹೋಗಿಲ್ಲ. ಮಲಗಿದರೆ ನಾನು ಸುಮ್ಮನಿರುತ್ತೇನೆ.

ಗೆಳೆಯರೇ, ನಿಮ್ಮ ಮನೆಯಲ್ಲಿ ಯಾರಿಗಾದರೂ ಮೂರು ತಿಂಗಳಿಗಿಂತ ಹೆಚ್ಚು ಕಾಲ ಬೆಳಿಗ್ಗೆ ಬೆನ್ನು ಬಿಗಿದು ಸುಸ್ತಾಗುತ್ತಿದ್ದರೆ ಸೋಂಬೇರಿ ಎನ್ನಬೇಡಿ. ಡಾಕ್ಟರಿಗೆ ತೋರಿಸಲು ಹೇಳಿ.

– 7ನೇ ತರಗತಿ ವಿದ್ಯಾರ್ಥಿ