ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು

1984ರ ಜುಲೈ ತಿಂಗಳ ಒಂದು ರಾತ್ರಿ. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಬರ್ಲಿಂಗ್‌ಟನ್ ಎಂಬ ಊರು. 22 ವರ್ಷದ ಕಾಲೇಜು ವಿದ್ಯಾರ್ಥಿನಿ ಜೆನಿಫರ್ ಥಾಂಪ್ಸನ್ ಮಲಗಿದ್ದ ಮನೆಗೆ ಆಗಂತುಕನೊಬ್ಬ ನುಗ್ಗಿದ. ಚಾಕು ತೋರಿಸಿ ಅತ್ಯಾಚಾರ ಎಸಗಿದ. ಆ ಭಯದ ನಡುವೆಯೂ ಜೆನಿಫರ್ ಒಂದು ನಿರ್ಧಾರ ಮಾಡಿದ್ದಳು: ಬದುಕಿ ಉಳಿದರೆ ಇವನನ್ನು ಜೈಲಿಗೆ ಕಳಿಸಲೇಬೇಕು. ಅದಕ್ಕಾಗಿ ಅವನ ಮುಖದ ಒಂದೊಂದು ವಿವರವನ್ನೂ ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಬೇಕು.

ಹೇಗೋ ತಪ್ಪಿಸಿಕೊಂಡು ಬಂದ ಆಕೆ ಪೊಲೀಸರಿಗೆ ಮುಖಚಹರೆ ವಿವರಿಸಿದಳು. ಕೆಲವು ದಿನಗಳ ನಂತರ ಪೊಲೀಸರು ಆರು ಫೋಟೊಗಳನ್ನು ಮುಂದಿಟ್ಟರು. ಕೆಲ ನಿಮಿಷ ಯೋಚಿಸಿ ಆಕೆ ರೊನಾಲ್ಡ್ ಕಾಟನ್ ಎಂಬ ಯುವಕನ ಫೋಟೊ ಆರಿಸಿದಳು. ಬಳಿಕ ಏಳು ಮಂದಿಯನ್ನು ಸಾಲಾಗಿ ನಿಲ್ಲಿಸಿದಾಗಲೂ ಬೊಟ್ಟು ಮಾಡಿದ್ದು ಅವನನ್ನೇ. ‘ಫೋಟೊದಲ್ಲಿ ಗುರುತಿಸಿದ್ದೂ ಇವನನ್ನೇ’ ಎಂದು ಪೊಲೀಸರು ತಿಳಿಸಿದಾಗ ಆಕೆಗೆ ಇದ್ದಬದ್ದ ಅನುಮಾನವೂ ಕರಗಿಹೋಯಿತು. 1985ರಲ್ಲಿ ನ್ಯಾಯಾಲಯದಲ್ಲಿ ಆಕೆ ದೃಢವಾಗಿ ಸಾಕ್ಷಿ ನುಡಿದಳು. ಕಾಟನ್‌ಗೆ ಜೀವಾವಧಿ ಶಿಕ್ಷೆಯಾಯಿತು.

ಜೈಲಿನಲ್ಲಿ ಕಾಟನ್ ತನ್ನನ್ನೇ ಹೋಲುವ ಬಾಬಿ ಪೂಲ್ ಎಂಬ ಕೈದಿಯನ್ನು ಕಂಡ. ನಿಜವಾದ ಅಪರಾಧಿ ಇವನೇ ಎಂಬ ಅನುಮಾನ ಅವನಿಗೆ ಬಲವಾಯಿತು. 1987ರಲ್ಲಿ ಮರುವಿಚಾರಣೆ ನಡೆದಾಗ ಪೂಲ್‌ನನ್ನು ಜೆನಿಫರ್ ಎದುರಿಗೇ ತಂದು ನಿಲ್ಲಿಸಲಾಯಿತು. ಇವನನ್ನು ಹಿಂದೆಂದೂ ನೋಡಿಯೇ ಇಲ್ಲ ಎಂದಳು ಆಕೆ! ಕಾಟನ್‌ಗೆ ಮತ್ತೆ ಶಿಕ್ಷೆಯಾಯಿತು.

1995ರಲ್ಲಿ ಡಿಎನ್‌ಎ ಪರೀಕ್ಷೆ ನಡೆಯಿತು. ಅಪರಾಧಿ ಬಾಬಿ ಪೂಲ್ ಎಂದು ಅದು ಸಾರಿ ಹೇಳಿತು. ಆ ಹೊತ್ತಿಗೆ ಕಾಟನ್ ಯೌವನದ ಹತ್ತೂವರೆ ವರ್ಷಗಳನ್ನು ಕಂಬಿಗಳ ಹಿಂದೆ ಕಳೆದಿದ್ದ.

ಜೆನಿಫರ್ ಸುಳ್ಳು ಹೇಳಿದ್ದಳೇ? ಇಲ್ಲ. ತಾನು ಹೇಳುತ್ತಿರುವುದು ಸತ್ಯ ಎಂದೇ ಆಕೆ ಮನಸಾರೆ ನಂಬಿದ್ದಳು. ಸುಳ್ಳುಸಾಕ್ಷಿಯನ್ನು ಪಾಟೀಸವಾಲಿನಲ್ಲಿ ಸಿಕ್ಕಿಹಾಕಿಸಬಹುದು. ಆದರೆ ಪ್ರಾಮಾಣಿಕವಾಗಿ ತಪ್ಪು ಹೇಳುವ ಸಾಕ್ಷಿಯನ್ನು ಪತ್ತೆ ಮಾಡುವುದು ಹೇಗೆ? ಕಾನೂನು ಪುಸ್ತಕಗಳಷ್ಟರಿಂದಲೇ ಈ ಪ್ರಶ್ನೆಗೆ ಉತ್ತರ ಸಿಗದು. ಇಲ್ಲಿ ಮನಶ್ಶಾಸ್ತ್ರದ ನೆರವು ಬೇಕು.

ನೆನಪು ಫೋಟೊ ಅಲ್ಲ

ಕಂಡದ್ದೆಲ್ಲ ಮಿದುಳಿನಲ್ಲಿ ಫೋಟೊದಂತೆ ದಾಖಲಾಗುತ್ತದೆ, ಬೇಕೆಂದಾಗ ತೆಗೆದು ನೋಡಬಹುದು ಎಂದು ಅನೇಕರು ತಿಳಿದಿದ್ದಾರೆ. ಈ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಪ್ರಮುಖರು. 1974ರಲ್ಲಿ ಅವರು ಜಾನ್ ಪಾಮರ್ ಜೊತೆ ಸೇರಿ ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಚಿತ್ರಗಳನ್ನು ತೋರಿಸಿದರು. ನಂತರ ಕೇಳಿದ್ದು ಒಂದೇ ಪ್ರಶ್ನೆ: ಕಾರುಗಳ ವೇಗ ಎಷ್ಟಿತ್ತು? ಆದರೆ ಕೆಲವರಿಗೆ ‘ಕಾರುಗಳು ಒಂದಕ್ಕೊಂದು ಅಪ್ಪಳಿಸಿದಾಗ’ ಎಂದೂ ಇನ್ನು ಕೆಲವರಿಗೆ ‘ತಾಗಿದಾಗ’ ಎಂದೂ ಕೇಳಲಾಯಿತು. ‘ಅಪ್ಪಳಿಸಿದಾಗ’ ಎಂಬ ಮಾತು ಕೇಳಿದವರು ಅಂದಾಜಿಸಿದ ಸರಾಸರಿ ವೇಗ ಗಂಟೆಗೆ 40.8 ಮೈಲಿ. ‘ತಾಗಿದಾಗ’ ಎಂಬುದನ್ನು ಕೇಳಿದವರದು 31.8 ಮೈಲಿ. ಒಂದು ಕ್ರಿಯಾಪದ ಒಂಬತ್ತು ಮೈಲಿ ವೇಗ ಹೆಚ್ಚಿಸಿತ್ತು!

ಮತ್ತೊಂದು ಪ್ರಯೋಗದಲ್ಲಿ ಒಂದು ವಾರ ಬಿಟ್ಟು ‘ಒಡೆದ ಗಾಜು ಕಂಡಿರಾ?’ ಎಂದು ವಿಚಾರಿಸಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಆದರೂ ‘ಅಪ್ಪಳಿಸಿದಾಗ’ ಎಂದು ಕೇಳಿದ್ದ ಗುಂಪಿನ 50 ಮಂದಿಯಲ್ಲಿ 16 ಮಂದಿ ‘ಕಂಡೆವು’ ಎಂದರು. ‘ಗುದ್ದಿದಾಗ’ ಎಂದಷ್ಟೇ ಕೇಳಿದ್ದ 50 ಮಂದಿಯಲ್ಲಿ ಹಾಗೆ ಹೇಳಿದವರು 7 ಮಂದಿ. ಎಂದರೆ, ಪ್ರಶ್ನೆಯೇ ನೆನಪಿನೊಳಗೆ ಸೇರಿಕೊಂಡು ಅದನ್ನು ತಿದ್ದಿಬಿಡಬಲ್ಲದು.

‘ಶಹಭಾಸ್’ ಎಂಬ ಮಾತಿನ ಅಪಾಯ

ಕತ್ತಲು, ದೂರ, ಭಯ ಇವೆಲ್ಲ ಸಾಕ್ಷಿಯ ಕಣ್ಣನ್ನು ಮೋಸಗೊಳಿಸುತ್ತವೆ. ಆದರೆ ಘಟನೆ ನಡೆದುಹೋದ ಮೇಲೆ ಅವನ್ನು ಸರಿಪಡಿಸುವುದು ಯಾರಿಂದಲೂ ಆಗದು. ಸಾಕ್ಷಿಯನ್ನು ಹೇಗೆ ಪ್ರಶ್ನಿಸುತ್ತಾರೆ, ಫೋಟೊಗಳನ್ನು ಹೇಗೆ ತೋರಿಸುತ್ತಾರೆ ಎಂಬುದು ಮಾತ್ರ ವ್ಯವಸ್ಥೆಯ ಕೈಯಲ್ಲಿದೆ. ಸಂಶೋಧನೆ ಈ ಎರಡನೆಯದರ ಮೇಲೆ ಗಮನ ಹರಿಸಬೇಕು ಎಂದು ಗ್ಯಾರಿ ವೆಲ್ಸ್ 1978ರಲ್ಲೇ ವಾದಿಸಿದರು.

1998ರಲ್ಲಿ ವೆಲ್ಸ್ ಮತ್ತು ಏಮಿ ಬ್ರಾಡ್‌ಫೀಲ್ಡ್ ಒಂದು ಪ್ರಯೋಗ ಪ್ರಕಟಿಸಿದರು. ವಿಡಿಯೊದಲ್ಲಿ ಅಪರಾಧಿಯನ್ನು ಕಂಡವರ ಮುಂದೆ ಕೆಲವು ಫೋಟೊಗಳನ್ನು ಇಟ್ಟರು. ನಿಜವಾದ ಅಪರಾಧಿಯ ಫೋಟೊ ಅದರಲ್ಲಿ ಇರಲಿಲ್ಲ. ಹಾಗಾಗಿ ಆರಿಸಿದವರೆಲ್ಲರ ಆಯ್ಕೆಯೂ ತಪ್ಪೇ. ಕೆಲವರಿಗೆ ಮಾತ್ರ ‘ಶಹಭಾಸ್, ಸರಿಯಾಗಿ ಗುರುತಿಸಿದಿರಿ’ ಎಂದರು. ಆ ಒಂದು ಮಾತು ಕೇಳಿದವರ ಆತ್ಮವಿಶ್ವಾಸ ಏರಿಬಿಟ್ಟಿತು. ಅಷ್ಟೇ ಅಲ್ಲ, ತಾವು ಮುಖವನ್ನು ಬಹಳ ಸ್ಪಷ್ಟವಾಗಿ ನೋಡಿದ್ದೆವು ಎಂದೂ ಅವರು ಹೇಳತೊಡಗಿದರು. ಜೆನಿಫರ್‌ಗೆ ಆದದ್ದೂ ಹೆಚ್ಚುಕಡಿಮೆ ಇದೇ.

ಡಿಎನ್‌ಎ ಪರೀಕ್ಷೆಯಿಂದ ಅಮೆರಿಕದಲ್ಲಿ ನಿರಪರಾಧಿಗಳೆಂದು ಸಾಬೀತಾದ ಮೊದಲ 250 ಮಂದಿಯ ಪ್ರಕರಣಗಳನ್ನು ಕಾನೂನು ಪ್ರಾಧ್ಯಾಪಕ ಬ್ರಾಂಡನ್ ಗ್ಯಾರೆಟ್ ಪರಿಶೀಲಿಸಿದರು. ಅವುಗಳಲ್ಲಿ 190 ಪ್ರಕರಣಗಳಲ್ಲಿ ಪ್ರತ್ಯಕ್ಷದರ್ಶಿಗಳು ತಪ್ಪು ವ್ಯಕ್ತಿಯನ್ನು ಗುರುತಿಸಿದ್ದರು.

ಬದಲಾದ ನಿಯಮಗಳು

ಕಾಟನ್ ಜೈಲು ಸೇರಿದ್ದ ಅದೇ ಉತ್ತರ ಕೆರೊಲಿನಾ 2007ರಲ್ಲಿ ಹೊಸ ಕಾನೂನು ಮಾಡಿತು. ಅದರ ನಿಯಮಗಳು ಸರಳ. ಗುರುತು ಪತ್ತೆ ನಡೆಸುವವರು ಆ ಪ್ರಕರಣದ ತನಿಖೆಯಲ್ಲಿ ಇರಬಾರದು, ಸಂಶಯಿತ ಯಾರೆಂಬುದು ಅವರಿಗೆ ತಿಳಿದಿರಬಾರದು. ಗೊತ್ತಿದ್ದರೆ ಮುಖಭಾವದಿಂದಲೇ ಸುಳಿವು ಸಿಗಬಹುದಲ್ಲ! ಅಪರಾಧಿ ಈ ಗುಂಪಿನಲ್ಲಿ ಇಲ್ಲದೆಯೂ ಇರಬಹುದು ಎಂದು ಸಾಕ್ಷಿಗೆ ಮೊದಲೇ ತಿಳಿಸಬೇಕು. ಎಷ್ಟು ಖಚಿತ ಎಂಬುದನ್ನು ಆಗಲೇ, ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಬೇಕು. ಸಾಧ್ಯವಿದ್ದಲ್ಲಿ ಎಲ್ಲವನ್ನೂ ವಿಡಿಯೊ ಮಾಡಬೇಕು.

ಹಾಗೆಂದು ಪ್ರತ್ಯಕ್ಷದರ್ಶಿಗಳನ್ನು ನಂಬಲೇಬಾರದು ಎಂದಲ್ಲ. ಕ್ರಮಬದ್ಧವಾಗಿ ನಡೆದ ಮೊದಲ ಗುರುತಿಸುವಿಕೆಯಲ್ಲಿ ಸಾಕ್ಷಿ ತೋರುವ ಖಚಿತತೆಗೆ ಸಾಕಷ್ಟು ಬೆಲೆಯಿದೆ ಎಂದು ಜಾನ್ ವಿಕ್ಸ್‌ಟೆಡ್ ಮತ್ತು ವೆಲ್ಸ್ 2017ರಲ್ಲಿ ತೋರಿಸಿಕೊಟ್ಟರು. ತಿಂಗಳುಗಳ ನಂತರ ಕಟಕಟೆಯಲ್ಲಿ ಕಾಣುವ ಖಚಿತತೆಗೆ ಆ ಬೆಲೆಯಿಲ್ಲ. ಜೆನಿಫರ್ ಅಂದು ಫೋಟೊಗಳ ಮುಂದೆ ತಡವರಿಸಿದ್ದನ್ನು ಪೊಲೀಸರು ಗಂಭೀರವಾಗಿ ಪರಿಗಣಿಸಿದ್ದರೆ ಕಥೆ ಬೇರೆಯೇ ಆಗುತ್ತಿತ್ತೇನೋ.

ಭಾರತದಲ್ಲೂ ಗುರುತು ಪತ್ತೆ ಪರೇಡ್ ಇದೆ. 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದಿದ್ದರೂ ಈ ಪದ್ಧತಿ ಮುಂದುವರಿದಿದೆ. ಸಾಮಾನ್ಯವಾಗಿ ಪರೇಡನ್ನು ಮ್ಯಾಜಿಸ್ಟ್ರೇಟರು ನಡೆಸುತ್ತಾರೆ. ಪರೇಡಿಗೆ ಮುಂಚೆಯೇ ಸಾಕ್ಷಿಗೆ ಆರೋಪಿಯ ಮುಖ ತೋರಿಸಿದ್ದರೆ ಅದಕ್ಕೆ ಬೆಲೆಯಿಲ್ಲ ಎಂದು ನ್ಯಾಯಾಲಯಗಳು ಅನೇಕ ಸಲ ಹೇಳಿವೆ. ಆರೋಪಿಯ ಫೋಟೊ ಕ್ಷಣಮಾತ್ರದಲ್ಲಿ ಎಲ್ಲರ ಮೊಬೈಲಿಗೆ ಬಂದು ಬೀಳುವ ಈ ಕಾಲದಲ್ಲಿ ಆ ಎಚ್ಚರಿಕೆ ಇನ್ನಷ್ಟು ಅಗತ್ಯ.

ಮನೆಯಲ್ಲೂ ಒಂದು ಪಾಠ

ಪಾಲಕರಿಗೂ ಇದರಲ್ಲಿ ಕಲಿಯುವುದಿದೆ. ಶಾಲೆಯಿಂದ ಮಗು ಅಳುತ್ತಾ ಬಂದಿದೆ ಎನ್ನಿ. ‘ಯಾರು ಹೊಡೆದರು? ಆ ಹುಡುಗನೇ ತಾನೇ?’ ಎಂದು ಕೇಳಿದರೆ ಉತ್ತರವನ್ನು ನಾವೇ ಬಾಯಿಗೆ ತುರುಕಿದಂತೆ. ಎಳೆಯ ಮಕ್ಕಳು ದೊಡ್ಡವರು ಸೂಚಿಸಿದ್ದನ್ನು ಬೇಗ ಒಪ್ಪಿಬಿಡುತ್ತಾರೆ ಎಂದು ಸ್ಟೀಫನ್ ಸೆಸಿ ಮುಂತಾದವರ ಅಧ್ಯಯನಗಳು ತಿಳಿಸಿವೆ. ‘ಏನಾಯಿತು, ಮೊದಲಿಂದ ಹೇಳು’ ಎಂದು ಕೇಳಿ ಸುಮ್ಮನಾಗುವುದು ಲೇಸು. ಮಗು ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದಿಡಬಹುದು.

ವಿದ್ಯಾರ್ಥಿಗಳು ಯಾವುದಾದರೂ ಘಟನೆಗೆ ಸಾಕ್ಷಿಯಾದರೆ, ಗೆಳೆಯರೊಡನೆ ಚರ್ಚಿಸುವ ಮುನ್ನವೇ ಕಂಡದ್ದನ್ನು ಬರೆದಿಡಬೇಕು. ಒಬ್ಬರ ನೆನಪು ಇನ್ನೊಬ್ಬರದರೊಡನೆ ಬೆರೆಯಲು ಹೆಚ್ಚು ಹೊತ್ತು ಬೇಡ. ನೆನಪಿಲ್ಲದ್ದನ್ನು ‘ಗೊತ್ತಿಲ್ಲ’ ಎನ್ನಲು ನಾಚಿಕೆಪಡಬೇಕಿಲ್ಲ. ಪರೀಕ್ಷೆಯಲ್ಲಿ ಆ ಉತ್ತರಕ್ಕೆ ಅಂಕ ಸಿಗದಿರಬಹುದು. ನ್ಯಾಯಾಲಯದಲ್ಲಿ ಅದು ಒಬ್ಬ ನಿರಪರಾಧಿಯ ಬದುಕನ್ನೇ ಉಳಿಸಬಹುದು.

ಬಿಡುಗಡೆಯಾದ ಎರಡು ವರ್ಷಗಳ ನಂತರ ಕಾಟನ್‌ನನ್ನು ಭೇಟಿಯಾದ ಜೆನಿಫರ್ ಕಣ್ಣೀರಿಟ್ಟು ಕ್ಷಮೆ ಕೇಳಿದಳು. ಆತ ಕ್ಷಮಿಸಿದ. ಇಬ್ಬರೂ ಸ್ನೇಹಿತರಾದರು, 2009ರಲ್ಲಿ ಜೊತೆಯಾಗಿ ಪುಸ್ತಕವನ್ನೂ ಹೊರತಂದರು, ಒಂದೇ ವೇದಿಕೆಯಲ್ಲಿ ನಿಂತು ಜನರಿಗೆ ತಮ್ಮ ಕಥೆ ಹೇಳಿದರು. ಕಳೆದ ಹತ್ತೂವರೆ ವರ್ಷಗಳು ಮಾತ್ರ ಕಾಟನ್‌ಗೆ ಮರಳಿ ಸಿಗಲಿಲ್ಲ.