ಉಲ್ಟಾ ಹೊಡೆದದ್ದು ಉರ್ದುವಲ್ಲ, ಅಡ್ಡಗೆರೆ

ಆರ್.ಟಿ. ನಗರದ ಡಿಟಿಪಿ ಅಂಗಡಿಯೊಂದಕ್ಕೆ ಗೆಳೆಯನ ಜೊತೆ ಮದುವೆ ಕಾರ್ಡಿನ ಪ್ರೂಫ್ ನೋಡಲು ಹೋಗಿದ್ದೆ. ಅವನ ತಂಗಿಯ ನಿಕಾಹ್. ಕಾರ್ಡಿನ ಒಂದು ಮಗ್ಗುಲಲ್ಲಿ ಕನ್ನಡ, ನಡುವೆ ಇಂಗ್ಲಿಷ್, ಇನ್ನೊಂದು ಮಗ್ಗುಲಲ್ಲಿ ಉರ್ದು. ಕನ್ನಡದ ಕಡೆ ತಾರೀಖು 26-11-25 ಎಂದಿತ್ತು. ಉರ್ದು ಕಡೆ ಅದೇ ತಾರೀಖು 25-11-26 ಆಗಿ ಕೂತಿತ್ತು. ಒಂದು ದಿನ ಕಡಿಮೆ, ಒಂದು ವರ್ಷ ಜಾಸ್ತಿ. "ಉರ್ದು ಹಾಕಿದ್ರೆ ಹಿಂಗೇ ಸಾರ್, ಕಂಪ್ಯೂಟರ್ ಉಲ್ಟಾ ಹೊಡಿಯುತ್ತೆ" ಅಂದ ಅಂಗಡಿ ಹುಡುಗ, ಮೌಸ್ ಮೇಲಿಂದ ಕೈ ತೆಗೆಯದೆ.

ಅವನೊಬ್ಬನ ಅಭಿಪ್ರಾಯವಲ್ಲ ಅದು. ಸಾಫ್ಟ್‌ವೇರ್ ಬರೆಯುವವರಲ್ಲೂ ಅನೇಕರು ಹಾಗೇ ನಂಬಿದ್ದಾರೆ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು ನೂರಕ್ಕೆ 10.8 ಜನರ ಮಾತೃಭಾಷೆ ಉರ್ದು. ಕನ್ನಡದ ನಂತರದ ಸ್ಥಾನ ಅದರದೇ. ಹಾಗಾಗಿ ಬಲದಿಂದ ಎಡಕ್ಕೆ ನಡೆಯುವ ಬರಹ ದೂರದ ಅರಬ್ ದೇಶಗಳ ತಲೆನೋವು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ.

ತಪ್ಪು ಕಲ್ಪನೆ 1: ಕಂಪ್ಯೂಟರ್ ಉರ್ದುವನ್ನು ಹಿಂದುಮುಂದಾಗಿ ಇಟ್ಟುಕೊಳ್ಳುತ್ತದೆ

ಸತ್ಯ: ಕಂಪ್ಯೂಟರಿನ ಹೊಟ್ಟೆಯೊಳಗೆ ಎಡವೂ ಇಲ್ಲ, ಬಲವೂ ಇಲ್ಲ. ಇರುವುದು ಮೊದಲು ಮತ್ತು ಆಮೇಲೆ ಮಾತ್ರ. ಕನ್ನಡವೇ ಆಗಲಿ, ಉರ್ದುವೇ ಆಗಲಿ, 1991ರಲ್ಲಿ ಹೊರಬಂದ ಯೂನಿಕೋಡ್ ಪದ್ಧತಿಯಲ್ಲಿ ಅಕ್ಷರಗಳನ್ನು ಬಾಯಲ್ಲಿ ಹೇಳುವ, ಕೈಯಲ್ಲಿ ಟೈಪ್ ಮಾಡುವ ಕ್ರಮದಲ್ಲೇ ಸಾಲಾಗಿ ಇಡಲಾಗುತ್ತದೆ. ಎಡಬಲದ ಪ್ರಶ್ನೆ ಏಳುವುದು ಅದನ್ನು ಪರದೆಗೆ ತರುವಾಗ.

ಕನ್ನಡಿಗರಿಗೆ ಇದನ್ನು ವಿವರಿಸಲು ಉರ್ದುವೇ ಬೇಕಿಲ್ಲ, ನಮ್ಮ ಅರ್ಕಾವತ್ತು ಸಾಕು. 'ಸೂರ್ಯ' ಎನ್ನುವಾಗ ಬಾಯಿಗೆ ಮೊದಲು ಬರುವುದು ರ್, ಆಮೇಲೆ ಯ. ಕಾಗದದ ಮೇಲೆ ಮಾತ್ರ ಯ ಮುಂದೆ ನಿಲ್ಲುತ್ತದೆ, ರ್ ಅದರ ಬಲಕ್ಕೆ ಬಾಲವಾಗುತ್ತದೆ. ಯೂನಿಕೋಡ್ ಕಡತದಲ್ಲಿ ರ ಮೊದಲು, ಯ ನಂತರ, ಕಾಣಿಸುವಾಗ ತಿರುಗುಮುರುಗು. ಹಳೆಯ ನುಡಿ ಫಾಂಟುಗಳ ಕಾಲದಲ್ಲಿ ಹಾಗಿರಲಿಲ್ಲ. ಕಣ್ಣಿಗೆ ಕಾಣುವ ಚೂರುಗಳನ್ನೇ ಸಾಲಾಗಿ ಇಡುತ್ತಿದ್ದರು, ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಹೋದ ಕೂಡಲೇ ಕನ್ನಡ ಗೋಜಲಾಗುತ್ತಿತ್ತು. ಉರ್ದುವಿನವರಿಗೂ ಅದೇ ಪಾಡು. 1994ರಲ್ಲಿ ದೆಹಲಿಯಲ್ಲಿ ಹುಟ್ಟಿದ ಇನ್‌ಪೇಜ್ ಎಂಬ ತಂತ್ರಾಂಶ ಕಾತಿಬರ, ಅಂದರೆ ಕೈಬರಹದ ಲಿಪಿಕಾರರ, ಕೈಯಿಂದ ಉರ್ದು ಪುಟವಿನ್ಯಾಸವನ್ನು ಕಂಪ್ಯೂಟರಿಗೆ ತಂದಿತು. ಅದಕ್ಕೂ ತನ್ನದೇ ಸಂಕೇತ ಪದ್ಧತಿಯಿತ್ತು, ಅಲ್ಲಿಂದ ಕಾಪಿ ಮಾಡಿ ಬೇರೆಡೆ ಅಂಟಿಸಿದರೆ ಅರ್ಥವಾಗದ ಚಿಹ್ನೆಗಳು ಬರುತ್ತಿದ್ದವು.

ತಪ್ಪು ಕಲ್ಪನೆ 2: ಉರ್ದುವಿನಲ್ಲಿ ಎಲ್ಲವೂ ಬಲದಿಂದ ಎಡಕ್ಕೆ

ಸತ್ಯ: ಅಕ್ಷರಗಳು ಹೌದು, ಅಂಕಿಗಳು ಅಲ್ಲ. 2025 ಎಂಬುದನ್ನು ಉರ್ದು ಅಂಕಿಗಳಲ್ಲಿ ಬರೆದರೂ ಎಡತುದಿಯಲ್ಲಿ ಎರಡು, ಬಲತುದಿಯಲ್ಲಿ ಐದು. ಅಂದರೆ ಒಂದೇ ಒಂದು ಸಂಖ್ಯೆಯಿರುವ ಉರ್ದು ಸಾಲು ಕೂಡ ಎರಡು ದಿಕ್ಕಿನ ಬರಹವೇ.

ಇದನ್ನು ಸಂಭಾಳಿಸಲು ಯೂನಿಕೋಡ್ ಪ್ರತಿ ಚಿಹ್ನೆಗೂ ಒಂದು ಸ್ವಭಾವ ಕೊಟ್ಟಿದೆ. ಕನ್ನಡ, ಇಂಗ್ಲಿಷ್ ಅಕ್ಷರಗಳು ಗಟ್ಟಿಯಾಗಿ ಬಲಕ್ಕೆ ನಡೆಯುವಂಥವು. ಉರ್ದು, ಅರಬ್ಬಿ, ಹೀಬ್ರೂ ಅಕ್ಷರಗಳು ಅಷ್ಟೇ ಗಟ್ಟಿಯಾಗಿ ಎಡಕ್ಕೆ. ನಾವು ದಿನವೂ ಬಳಸುವ ಇಂಗ್ಲಿಷ್ ಅಂಕಿಗಳು ದುರ್ಬಲ, ಹಿಂದೆ ಯಾವ ಅಕ್ಷರವಿತ್ತು ಎಂದು ನೋಡಿ ನಡತೆ ಬದಲಿಸುತ್ತವೆ. ಖಾಲಿ ಜಾಗ, ಆವರಣ ಚಿಹ್ನೆಗಳಿಗೆ ಸ್ವಂತ ದಿಕ್ಕೇ ಇಲ್ಲ. ಹೆಬ್ಬಾಳದ ಜಂಕ್ಷನ್ನಿನಲ್ಲಿ ಎರಡು ಬಸ್ಸುಗಳ ನಡುವೆ ಸಿಕ್ಕ ಬೈಕಿನಂತೆ, ಅಕ್ಕಪಕ್ಕದವರು ಹೋದ ಕಡೆ ಅವೂ ಹೋಗಬೇಕು.

ಈಗ ಮದುವೆ ತಾರೀಖಿಗೆ ಬನ್ನಿ. ಉರ್ದು ಪದದ ನಂತರ 26-11-25 ಬಂದರೆ, ನಡುವಿನ ಅಡ್ಡಗೆರೆ ಮೂರು ಸಂಖ್ಯೆಗಳನ್ನು ಕಟ್ಟಿಹಾಕುವುದಿಲ್ಲ. ತಾನು ಉರ್ದುವಿನ ದಿಕ್ಕಿಗೆ ವಾಲಿಬಿಡುತ್ತದೆ. ಮೂರೂ ಬಿಡಿಬಿಡಿಯಾಗಿ ಬಲದಿಂದ ಎಡಕ್ಕೆ ಜೋಡಿಸಿಕೊಳ್ಳುತ್ತವೆ. ಅದೇ 26/11/25 ಅಥವಾ 26.11.25 ಎಂದು ಬರೆದಿದ್ದರೆ ಅಲುಗುತ್ತಿರಲಿಲ್ಲ, ಏಕೆಂದರೆ ಓರೆಗೆರೆ ಮತ್ತು ಚುಕ್ಕಿಯನ್ನು ನಿಯಮವು ಸಂಖ್ಯೆಯ ಒಳಗಿನ ಭಾಗವೆಂದೇ ಎಣಿಸುತ್ತದೆ. ಇನ್ನೂ ಒಂದು ತಮಾಷೆ: ೨೬-೧೧-೨೫ ಎಂದು ಕನ್ನಡ ಅಂಕಿಯಲ್ಲಿ ಬರೆದರೂ ಅಲುಗದು. ಕನ್ನಡ ಅಂಕಿಗಳನ್ನು ಯೂನಿಕೋಡ್ ಕನ್ನಡ ಅಕ್ಷರಗಳಷ್ಟೇ ಗಟ್ಟಿ ಎಂದು ಪರಿಗಣಿಸಿದೆ.

ಹಾಗಾದರೆ ಯಂತ್ರ ತಪ್ಪಿತೇ? ಪೂರ್ತಿ ಹಾಗೆನ್ನಲಾಗದು. ಬಲದಿಂದ ಓದುತ್ತ ಬಂದ ಕಣ್ಣಿಗೆ 25-11-26ರಲ್ಲಿ ಮೊದಲು ಸಿಗುವುದು 26, ಕೊನೆಗೆ 25. ಅರಬ್ಬಿ ಓದುಗರ ರೂಢಿಗೆ ಒಪ್ಪುವಂತೆ ಮಾಡಿದ ನಿಯಮ ಅದು. ಆದರೆ ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಬೆಳೆದ ಬೆಂಗಳೂರಿನ ಕಣ್ಣು ತಾರೀಖು ಕಂಡ ಕೂಡಲೇ ಎಡಕ್ಕೆ ಜಿಗಿಯುತ್ತದೆ. ಒಂದೇ ಕಾರ್ಡು, ಇಬ್ಬರು ನೆಂಟರು, ಎರಡು ಮುಹೂರ್ತ. ಫೋನ್ ನಂಬರಿನಲ್ಲಿ ಮಾತ್ರ ಇಂಥ ರಿಯಾಯಿತಿಯೂ ಇಲ್ಲ. ಉರ್ದು ಪದದ ನಂತರ 080 ಬರೆದು, ಅಡ್ಡಗೆರೆಯನ್ನೋ ಖಾಲಿ ಜಾಗವನ್ನೋ ಬಿಟ್ಟು ಉಳಿದ ಎಂಟು ಅಂಕಿ ಹಾಕಿದರೆ 080 ಬಾಲಕ್ಕೆ ಹೋಗುತ್ತದೆ. ಕಂಡಂತೆ ಒತ್ತಿದರೆ ಕರೆ ತಲುಪುವುದಿಲ್ಲ.

ತಪ್ಪು ಕಲ್ಪನೆ 3: ಬಲಕ್ಕೆ ಅಲೈನ್ ಮಾಡಿದರೆ ಕೆಲಸ ಮುಗಿಯಿತು

ಸತ್ಯ: ಅಲೈನ್ ಮಾಡುವುದೆಂದರೆ ಸಾಲನ್ನು ಪುಟದ ಬಲ ಅಂಚಿಗೆ ತಳ್ಳುವುದು ಅಷ್ಟೇ. ಸಾಲಿನ ಒಳಗಿನ ಕ್ರಮವನ್ನು ತೀರ್ಮಾನಿಸುವುದು ಪ್ಯಾರಾದ ಮೂಲ ದಿಕ್ಕು. ಅದು ಕನ್ನಡದ್ದೇ ಆಗಿ ಉಳಿದರೆ ಉರ್ದು ವಾಕ್ಯದ ಕೊನೆಯ ಆಶ್ಚರ್ಯಸೂಚಕ ಚಿಹ್ನೆ ಬಲತುದಿಗೆ ಹೋಗಿ ನಿಲ್ಲುತ್ತದೆ. ಉರ್ದು ಓದುವವರಿಗೆ ಅದು ವಾಕ್ಯದ ಆರಂಭ! ಮಾತು ಶುರುವಾಗುವ ಮೊದಲೇ ಆಶ್ಚರ್ಯ.

ದಿಕ್ಕನ್ನು ತಾನೇ ಕಂಡುಕೊಳ್ಳುವ ತಂತ್ರಾಂಶಗಳೂ ಇವೆ. ಸಾಲಿನಲ್ಲಿ ಮೊದಲು ಸಿಗುವ ಗಟ್ಟಿ ಅಕ್ಷರ ಯಾವುದೆಂದು ನೋಡುತ್ತವೆ. ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಉರ್ದು ವಿಳಾಸವೊಂದು 'ಯಲಹಂಕ' ಎಂಬ ಕನ್ನಡ ಪದದಿಂದ ಶುರುವಾದರೆ ಇಡೀ ಸಾಲು ಕನ್ನಡದ ದಿಕ್ಕು ಹಿಡಿದು ತುಂಡುಗಳೆಲ್ಲ ಅದಲುಬದಲು. ಆದ್ದರಿಂದ ಊಹೆಗೆ ಬಿಡಬಾರದು, ಪ್ಯಾರಾದ ದಿಕ್ಕನ್ನು ಬಾಯಿಬಿಟ್ಟು ಹೇಳಬೇಕು. ಹೆಸರು, ವಿಳಾಸ, ನಂಬರುಗಳಂತೆ ಹೊರಗಿಂದ ಬಂದು ಸೇರುವ ತುಂಡುಗಳಿಗೆ ಬೇಲಿ ಹಾಕಬೇಕು. ಪಕ್ಕದ ಬರಹದ ಸೋಂಕು ತಾಗದಂತೆ ಪ್ರತ್ಯೇಕಿಸುವ ಅದೃಶ್ಯ ಚಿಹ್ನೆಗಳು 2013ರ ಯೂನಿಕೋಡ್ 6.3ರಲ್ಲಿ ಬಂದವು. ವೆಬ್ ಪುಟ ಕಟ್ಟುವವರಿಗೆ ಅದೇ ಕೆಲಸಕ್ಕೆ 'ಬಿಡಿಐ' ಎಂಬ ಟ್ಯಾಗ್ ಇದೆ.

ತಪ್ಪು ಕಲ್ಪನೆ 4: ಪರದೆಯನ್ನು ಕನ್ನಡಿಗೆ ಹಿಡಿದಂತೆ ತಿರುಗಿಸಿದರೆ ಆ್ಯಪ್ ಸಿದ್ಧ

ಸತ್ಯ: ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತು ಕೊಲ್ಲಿ ದೇಶಕ್ಕೆ ಆ್ಯಪ್ ಮಾಡುವವರು ಮೊದಲು ಕಲಿಯುವ ಪಾಠ: ಕೆಲವು ತಿರುಗಬೇಕು, ಕೆಲವು ತಿರುಗಬಾರದು. 'ಹಿಂದಕ್ಕೆ' ಬಾಣ ತಿರುಗಬೇಕು, ಏಕೆಂದರೆ ಅಲ್ಲಿ ಹಿಂದೆ ಎಂದರೆ ಬಲಗಡೆ. ಗಡಿಯಾರದ ಚಿತ್ರ ತಿರುಗಬಾರದು, ಮುಳ್ಳುಗಳು ಎಲ್ಲ ದೇಶದಲ್ಲೂ ಒಂದೇ ಕಡೆ ಸುತ್ತುತ್ತವೆ. ಹಾಡು ಹಚ್ಚುವ ತ್ರಿಕೋನ, ಕಂಪನಿಯ ಲೋಗೊ ಕೂಡ ಇದ್ದಂತೆಯೇ ಇರಬೇಕು.

ತಪ್ಪು ಕಲ್ಪನೆ 5: ಇದೆಲ್ಲ ಬರೀ ಅಂದಚೆಂದದ ವಿಷಯ

ಸತ್ಯ: ದಿಕ್ಕನ್ನು ಬಲವಂತವಾಗಿ ಬದಲಿಸುವ ಅದೃಶ್ಯ ಚಿಹ್ನೆಗಳನ್ನು ಕಳ್ಳರೂ ಬಳಸುತ್ತಾರೆ. ಕಡತದ ಹೆಸರಿನ ನಡುವೆ ಅಂಥದೊಂದನ್ನು ತೂರಿಸಿದರೆ, ನಿಜದಲ್ಲಿ ಇಎಕ್ಸ್‌ಇ ಎಂದು ಕೊನೆಗೊಳ್ಳುವ ಪ್ರೋಗ್ರಾಂ ಕಣ್ಣಿಗೆ ಪಿಡಿಎಫ್ ಎಂದು ಕಾಣುತ್ತದೆ. ಬಿಲ್ ಎಂದುಕೊಂಡು ತೆರೆದವರ ಕಂಪ್ಯೂಟರಿಗೆ ವೈರಸ್. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕೋಲಸ್ ಬೌಚರ್ ಮತ್ತು ರಾಸ್ ಆಂಡರ್ಸನ್ 'ಟ್ರೋಜನ್ ಸೋರ್ಸ್' ಎಂಬ ಹೆಸರಿನಲ್ಲಿ ಇದರ ಇನ್ನೊಂದು ಮುಖ ತೋರಿಸಿದರು: ಪ್ರೋಗ್ರಾಮಿನ ಮೂಲ ಬರಹವನ್ನು ತಪಾಸಣೆ ಮಾಡುವ ಮನುಷ್ಯನಿಗೆ ಒಂದು ಕ್ರಮ ಕಾಣುತ್ತದೆ, ಯಂತ್ರ ಓದುವುದು ಬೇರೆಯೇ ಕ್ರಮ.

ತಪ್ಪು ಕಲ್ಪನೆ 6: ಎರಡು ದಿಕ್ಕಿನ ಬರಹ ಈ ನೆಲಕ್ಕೆ ಹೊರಗಿನದು

ಸತ್ಯ: ಹೆಬ್ಬಾಳದಲ್ಲಿ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು ಕ್ರಿ.ಶ. 750ರದ್ದು, ಎಡದಿಂದ ಬಲಕ್ಕೆ ಕೊರೆದ ಕನ್ನಡ. ಅದಕ್ಕಿಂತ ಸಾವಿರ ವರ್ಷ ಹಿಂದೆ, ಕ್ರಿ.ಪೂ. ಮೂರನೆಯ ಶತಮಾನದಲ್ಲಿ, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಚಪಡ ಎಂಬ ಲಿಪಿಕಾರ ಅಶೋಕನ ಶಾಸನ ಬರೆದ. ಶಾಸನ ಪೂರ್ತಿ ಎಡದಿಂದ ಬಲಕ್ಕೆ, ಬ್ರಾಹ್ಮಿಯಲ್ಲಿ. ಕೊನೆಗೆ ತನ್ನ ಹೆಸರಿನ ಜೊತೆ 'ಲಿಪಿಕಾರ'ನೆಂಬ ಪದವೊಂದನ್ನು ಮಾತ್ರ ಗಾಂಧಾರದ ಕಡೆಯ ಖರೋಷ್ಠಿಯಲ್ಲಿ ಬರೆದ. ಅದು ಬಲದಿಂದ ಎಡಕ್ಕೆ ಸಾಗುವ ಲಿಪಿ. ಒಂದೇ ಬಂಡೆ, ಎರಡು ದಿಕ್ಕು. ಯಾವ ಪದ ಯಾವ ಕಡೆಗೆ ಎಂಬುದನ್ನು ಚಪಡನಿಗೆ ಯಾರೂ ಹೇಳಬೇಕಿರಲಿಲ್ಲ. ಕಂಪ್ಯೂಟರಿಗೆ ಹೇಳಬೇಕು, ಇರುವ ವ್ಯತ್ಯಾಸ ಅಷ್ಟೇ.

ಆರ್.ಟಿ. ನಗರದ ಅಂಗಡಿಯಲ್ಲಿ ಅಡ್ಡಗೆರೆ ತೆಗೆದು ಓರೆಗೆರೆ ಹಾಕಿಸಿದೆವು. ತಾರೀಖು ನೆಟ್ಟಗಾಯಿತು. ಹುಡುಗ ಇನ್ನೊಂದು ಸಲ ಅಡ್ಡಗೆರೆ ಒತ್ತಿ ನೋಡಿದ, ಮತ್ತೆ ಅದಲುಬದಲು. ಓರೆಗೆರೆ ಒತ್ತಿದ, ಸರಿ. ಅಷ್ಟರಲ್ಲಿ ಗೆಳೆಯನ ಅಬ್ಬಾ ಕನ್ನಡಕ ಏರಿಸಿಕೊಂಡು ಪರದೆ ನೋಡಿ, "ಈ ಗೆರೆ ಸಹವಾಸವೇ ಬೇಡ ಮಗಾ, ನವೆಂಬರ್ ಅಂತ ಅಕ್ಷರದಲ್ಲೇ ಬರಿ" ಅಂದರು. ಕಾರ್ಡು ಹಾಗೇ ಅಚ್ಚಾಯಿತು.